ಖಾಲಿಯಾಗದ ಮೂತ್ರಕೋಶ



ಈ ಹೊತ್ತಿನ ಮಾತು ಐವತ್ತು ದಾಟಿದ ಗಂಡಸರಿಗೆ ಸೇರಿದ್ದು. ಹಾಗೆಂದು ಮನೆಯ ಹೆಂಗಸರು ರೇಡಿಯೊ ಆರಿಸಬೇಡಿ. ಈ ತೊಂದರೆಯನ್ನು ಮೊದಲು ಗುರುತಿಸುವವರು ಹೆಚ್ಚಾಗಿ ಹೆಂಡತಿ, ಸೊಸೆ, ಮಗಳು. ರಾತ್ರಿ ಎಷ್ಟು ಸಲ ಬಚ್ಚಲಿನ ದೀಪ ಹತ್ತಿತು ಎಂಬುದು ಅವರಿಗೆ ಗೊತ್ತಿರುತ್ತದೆ. ಒದ್ದೆಯಾದ ಹಾಸಿಗೆಯನ್ನು ಬಿಸಿಲಿಗೆ ಹಾಕುವವರೂ ಅವರೇ.

ಅರಳಿಕಟ್ಟೆಯಲ್ಲಿ ಕೂತ ಹಿರಿಯರು ಮಂಡಿನೋವಿನ ಬಗ್ಗೆ ಮಾತಾಡುತ್ತಾರೆ. ಬಿ.ಪಿ. ಎಷ್ಟು, ಶುಗರ್ ಎಷ್ಟು ಎಂದು ಲೆಕ್ಕ ಒಪ್ಪಿಸುತ್ತಾರೆ. ಕಣ್ಣಿನ ಪೊರೆ ತೆಗೆಸಿದ್ದನ್ನು ಊರಿಗೆಲ್ಲ ಹೇಳುತ್ತಾರೆ. ಒಂದಕ್ಕೆ ಹೋಗಲು ಕಷ್ಟವಾಗುತ್ತಿದೆ ಎಂದು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಾನು ಆ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದರೆ ಏನೇನಾಗುತ್ತದೆ? ಅದರಲ್ಲಿ ಯಾವುದಕ್ಕೆ ಹೆದರಬೇಕು? ಯಾವುದಕ್ಕೆ ಹೆದರಬೇಕಾಗಿಲ್ಲ?

ಮೊದಲು ಆ ಗ್ರಂಥಿ ಎಲ್ಲಿದೆ ಎಂದು ನೋಡೋಣ. ಹೊಕ್ಕುಳಿನಿಂದ ಕೈಯನ್ನು ಕೆಳಗೆ ಸರಿಸಿ. ಹೊಟ್ಟೆ ಮುಗಿಯುವಲ್ಲಿ ಗಟ್ಟಿಯಾದ ಮೂಳೆ ಸಿಗುತ್ತದೆ. ಅದರ ಹಿಂದೆ ಮೂತ್ರಕೋಶ ಇದೆ. ಮೂತ್ರಕೋಶದ ಕೆಳಬಾಯಿಗೆ ಅಂಟಿಕೊಂಡು ಈ ಗ್ರಂಥಿ ಇದೆ. ಹರೆಯದಲ್ಲಿ ಇದರ ತೂಕ ಸುಮಾರು 20 ಗ್ರಾಂ. ವೀರ್ಯದ ದ್ರವದಲ್ಲಿ ಒಂದು ಪಾಲು ಇಲ್ಲಿ ತಯಾರಾಗುತ್ತದೆ. ಮೂತ್ರ ಹೊರಗೆ ಹೋಗುವ ನಾಳ ಈ ಗ್ರಂಥಿಯ ನಟ್ಟನಡುವೆ ಹಾದು ಹೋಗುತ್ತದೆ. ಎಲ್ಲ ತಾಪತ್ರಯಕ್ಕೂ ಮೂಲ ಅದೇ. ಗ್ರಂಥಿ ಒಳಮುಖವಾಗಿ ಬೆಳೆದರೆ ನಾಳ ಇಕ್ಕಟ್ಟಾಗುತ್ತದೆ.

ವಯಸ್ಸಾದಂತೆ ಸ್ನಾಯು ಸೊರಗುತ್ತದೆ, ಮೂಳೆ ಸವೆಯುತ್ತದೆ. ಈ ಗ್ರಂಥಿ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಐವತ್ತರಿಂದ ಅರವತ್ತರೊಳಗಿನ ಗಂಡಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನಕ್ಕೆ ಬೆಳವಣಿಗೆ ಶುರುವಾಗಿರುತ್ತದೆ. ಎಂಬತ್ತು ದಾಟಿದವರಲ್ಲಿ ಹತ್ತಕ್ಕೆ ಎಂಟು ಮಂದಿಗೆ ಇರುತ್ತದೆ. ಇದು ಕ್ಯಾನ್ಸರ್ ಅಲ್ಲ. ಮುಂದೆ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಕ್ಯಾನ್ಸರ್ ಬೇರೆಯಾಗಿ, ಹೆಚ್ಚಾಗಿ ಗ್ರಂಥಿಯ ಹೊರಭಾಗದಲ್ಲಿ ಹುಟ್ಟುತ್ತದೆ. ಎರಡೂ ಒಬ್ಬರಲ್ಲೇ ಇರಬಹುದು. ಅದಕ್ಕಾಗಿಯೇ ವೈದ್ಯರು ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಬರೆದುಕೊಡುವುದು. ಆ ವಿಷಯ ಇವತ್ತು ಇಷ್ಟೇ ಸಾಕು.

ಇನ್ನೊಂದು ಮಾತು. ಗ್ರಂಥಿಯ ಗಾತ್ರಕ್ಕೂ ತೊಂದರೆಗೂ ನೇರ ಸಂಬಂಧವಿಲ್ಲ. 80 ಗ್ರಾಂ ಗ್ರಂಥಿ ಇಟ್ಟುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡುವವರಿದ್ದಾರೆ. 30 ಗ್ರಾಮಿಗೇ ಮೂತ್ರ ಕಟ್ಟಿಕೊಂಡು ಆಸ್ಪತ್ರೆ ಸೇರಿದವರಿದ್ದಾರೆ. ಸ್ಕ್ಯಾನಿಂಗ್ ಚೀಟಿ ಹಿಡಿದುಕೊಂಡು, "ಡಾಕ್ಟ್ರೇ, ನಂದು ಅರವತ್ತಂತೆ, ಪಕ್ಕದ ಮನೆಯವರದು ನಲವತ್ತಂತೆ" ಎಂದು ಕಂಗಾಲಾಗಿ ಬರುವವರಿಗೆ ನಾನು ಹೇಳುವುದಿಷ್ಟೆ: ಆ ಅಂಕಿಯನ್ನು ಬಿಡಿ. ಅದೇ ಚೀಟಿಯಲ್ಲಿ ಇನ್ನೊಂದು ಅಂಕಿ ಇರುತ್ತದೆ, ಅದನ್ನು ಹುಡುಕಿ. ಒಂದಕ್ಕೆ ಹೋಗಿ ಬಂದ ಮೇಲೂ ಮೂತ್ರಕೋಶದಲ್ಲಿ ಎಷ್ಟು ಉಳಿದಿತ್ತು ಎಂಬ ಅಂಕಿ. ಇವತ್ತಿನ ನನ್ನ ಮಾತೆಲ್ಲ ಆ ಉಳಿಕೆಯ ಸುತ್ತಲೇ ತಿರುಗುತ್ತದೆ.

ಈಗ ಗ್ರಂಥಿ ಎಲ್ಲಿದೆ, ಹೇಗೆ ಬೆಳೆಯುತ್ತದೆ ಎಂದು ಗೊತ್ತಾಯಿತು. ಅದರ ಮೇಲಿರುವ ಮೂತ್ರಕೋಶದ ಕಡೆಗೆ ಬರೋಣ. ಏಟು ತಿನ್ನುವುದು ಅದೇ.

ಮೂತ್ರಕೋಶ ಎಂದರೆ ಸ್ನಾಯುವಿನ ಚೀಲ. ಅರ್ಧ ಲೀಟರ್‌ಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ತುಂಬಿದಾಗ ಅದು ಸಂಕುಚಿಸಿ ಮೂತ್ರವನ್ನು ಹೊರಗೆ ತಳ್ಳುತ್ತದೆ. ದಾರಿ ಇಕ್ಕಟ್ಟಾದರೆ ಹೆಚ್ಚು ಬಲ ಹಾಕಿ ತಳ್ಳಬೇಕಾಗುತ್ತದೆ. ಹಾಗೆ ವರ್ಷಗಟ್ಟಲೆ ತಳ್ಳಿ ತಳ್ಳಿ ಅದರ ಗೋಡೆ ದಪ್ಪವಾಗುತ್ತದೆ. ದಪ್ಪವಾದ ಮೂತ್ರಕೋಶ ಸ್ವಲ್ಪ ತುಂಬಿದರೂ ಕೆರಳುತ್ತದೆ. ಆಗ ಅವಸರ ಶುರುವಾಗುತ್ತದೆ. ತಕ್ಷಣ ಹೋಗಬೇಕು, ತಡೆಯಲು ಆಗದು. ಓಡಿ ಹೋಗಿ ನಿಂತರೆ ಬರುವುದೇ ಇಲ್ಲ. ಕಾಯಬೇಕು. ಬಂದರೂ ಸಣ್ಣಗೆ. ನಿಂತು ನಿಂತು ಬರುತ್ತದೆ. ಮುಗಿಯಿತು ಎಂದು ಪಂಚೆ ಸರಿಮಾಡಿಕೊಂಡರೆ ಮತ್ತೆ ನಾಲ್ಕು ಹನಿ. ಪೂರ್ತಿ ಖಾಲಿಯಾಗಲಿಲ್ಲ ಎಂಬ ಕಿರಿಕಿರಿ. ರಾತ್ರಿ ಮೂರು ಸಲ, ನಾಲ್ಕು ಸಲ ಏಳಬೇಕು.

ಇದನ್ನು ಅಳೆಯಲು ವೈದ್ಯರ ಬಳಿ ಏಳು ಪ್ರಶ್ನೆಗಳ ಪಟ್ಟಿ ಇದೆ. ಪ್ರತಿಯೊಂದಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ. ಒಟ್ಟು 35. ಏಳರವರೆಗೆ ಬಂದರೆ ಅಲ್ಪ ತೊಂದರೆ. ಎಂಟರಿಂದ ಹತ್ತೊಂಬತ್ತಕ್ಕೆ ಮಧ್ಯಮ. ಇಪ್ಪತ್ತು ಮುಟ್ಟಿದರೆ ತೀವ್ರ. ಶಾಲೆಯಲ್ಲಿ ಹೆಚ್ಚು ಅಂಕ ಬಂದರೆ ಖುಷಿ, ಇಲ್ಲಿ ಮಾತ್ರ ಬೇಡ.

ಆದರೆ ನಮ್ಮ ಗಂಡಸರು ಅಂಕ ಹಾಕುವ ಮೊದಲೇ ಹೊಂದಿಕೊಂಡುಬಿಡುತ್ತಾರೆ. ಮದುವೆ ಮನೆಗೆ ಹೊರಟರೆ ಬೆಳಗ್ಗೆಯಿಂದ ನೀರು ಮುಟ್ಟುವುದಿಲ್ಲ. ಬಸ್ಸು ಹತ್ತುವ ಮೊದಲು ಎರಡು ಸಲ, ಇಳಿದ ಕೂಡಲೆ ಒಂದು ಸಲ ಹೋಗುತ್ತಾರೆ. ಅರಸೀಕೆರೆಯಲ್ಲಿ ಬಸ್ಸು ಎಷ್ಟು ನಿಮಿಷ ನಿಲ್ಲುತ್ತದೆ ಎಂಬುದು ಕಂಡಕ್ಟರಿಗಿಂತ ಇವರಿಗೆ ಚೆನ್ನಾಗಿ ಗೊತ್ತು. ಪೂಜೆಗೆ ಕೂತರೆ ಬಾಗಿಲ ಪಕ್ಕದಲ್ಲೇ. ಕೇಳಿದರೆ, "ವಯಸ್ಸಾಯ್ತಲ್ಲ, ಇದೆಲ್ಲ ಇದ್ದದ್ದೇ" ಎನ್ನುತ್ತಾರೆ. ಈ ಹೊಂದಾಣಿಕೆ ನನಗೆ ಇಷ್ಟವಿಲ್ಲ. ತೊಂದರೆ ಮುಚ್ಚಿಹೋಗುತ್ತದೆ, ಕಡಿಮೆಯಾಗುವುದಿಲ್ಲ.

ಗ್ರಂಥಿ ಬೆಳೆಯಿತು. ದಾರಿ ಇಕ್ಕಟ್ಟಾಯಿತು. ಮೂತ್ರಕೋಶ ದಪ್ಪವಾಯಿತು. ಇಲ್ಲಿಯವರೆಗೆ ಇದು ಕಿರಿಕಿರಿ, ಅಷ್ಟೆ. ಇಲ್ಲಿಂದ ಮುಂದಿನದು ಅಪಾಯ. ಅದು ಎರಡು ದಾರಿಯಲ್ಲಿ ಬರುತ್ತದೆ. ಒಂದು ಕೂಗಿಕೊಂಡು ಬರುತ್ತದೆ. ಇನ್ನೊಂದು ಸದ್ದಿಲ್ಲದೆ ಬರುತ್ತದೆ.

ಕೂಗಿಕೊಂಡು ಬರುವುದನ್ನು ಮೊದಲು ನೋಡೋಣ. ಇದ್ದಕ್ಕಿದ್ದಂತೆ ಮೂತ್ರ ಕಟ್ಟಿಕೊಳ್ಳುವುದು. ಬೆಳಗ್ಗೆ ಹೋಗಿದ್ದಾರೆ, ಮಧ್ಯಾಹ್ನದಿಂದ ಒಂದು ಹನಿಯೂ ಇಲ್ಲ. ಹೊಟ್ಟೆಯ ಕೆಳಭಾಗ ಬಿಗಿಯುತ್ತದೆ. ಕೂರಲಾಗದು, ನಿಲ್ಲಲಾಗದು. ಮೈಯೆಲ್ಲ ಬೆವರು. ಸಂಕೋಚದ ಮನುಷ್ಯನೂ ಈ ನೋವಿನಲ್ಲಿ ಕೂಗಿಕೊಳ್ಳುತ್ತಾನೆ. ಮೂತ್ರದ ದಾರಿಯಲ್ಲಿ ಟ್ಯೂಬ್ ಹಾಕಿದಾಗ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಮೂತ್ರ ಬರುತ್ತದೆ. ಅದು ಇಳಿದ ಕೂಡಲೆ ಮುಖ ಅರಳುತ್ತದೆ. ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ನೋವು ಕಳೆಯುವ ಚಿಕಿತ್ಸೆ ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ.

ಈ ಕಟ್ಟು ಏಕೆ ಬೀಳುತ್ತದೆ? ಹಿಂದಿನ ದಿನ ಏನಾಯಿತು ಎಂದು ಕೇಳಿದರೆ ಹಲವು ಸಲ ಉತ್ತರ ಸಿಗುತ್ತದೆ. ನೆಗಡಿ ಎಂದು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿರುತ್ತಾರೆ. ಮೂಗು ಕಟ್ಟಿದ್ದನ್ನು ಬಿಡಿಸುವ ಕೆಲವು ಔಷಧಗಳು ಮೂತ್ರಕೋಶದ ಬಾಯನ್ನು ಬಿಗಿಮಾಡುತ್ತವೆ. ಫಿನೈಲೆಫ್ರಿನ್ ಅಂಥದ್ದು. ಅದರ ಜೊತೆಗೇ ಇರುವ, ನಿದ್ದೆ ತರಿಸುವ ಅಲರ್ಜಿ ಔಷಧ ಮೂತ್ರಕೋಶದ ತಳ್ಳುವ ಶಕ್ತಿಯನ್ನು ಕುಗ್ಗಿಸುತ್ತದೆ. ಬಾಗಿಲು ಬಿಗಿ, ತಳ್ಳುವವನಿಗೆ ಮಂಪರು. ಕಟ್ಟದೆ ಇನ್ನೇನಾಗುತ್ತದೆ? ದೂರದ ಪ್ರಯಾಣದಲ್ಲಿ ಗಂಟೆಗಟ್ಟಲೆ ತಡೆದಿಟ್ಟುಕೊಳ್ಳುವುದು ಇನ್ನೊಂದು ಕಾರಣ. ಮದ್ಯ, ಮಲಬದ್ಧತೆ ಇವೂ ಕಾರಣಗಳೇ. ಸೊಂಟದ ಮೂಳೆ, ಮೂಲವ್ಯಾಧಿ, ಹರ್ನಿಯಾ ಎಂದು ಬೇರೆ ಯಾವುದಕ್ಕೋ ಆಪರೇಷನ್ ಆದ ರಾತ್ರಿ ಮೂತ್ರ ಕಟ್ಟಿಕೊಳ್ಳುವುದು ತೀರಾ ಸಾಮಾನ್ಯ.

ಚರಿತ್ರೆಯಲ್ಲಿ ಇದಕ್ಕೊಂದು ಹೆಸರಾಂತ ಉದಾಹರಣೆ ಇದೆ. ಟೈಕೊ ಬ್ರಾಹೆ ಎಂಬ ಡೆನ್ಮಾರ್ಕಿನ ಖಗೋಳಜ್ಞ. ದೂರದರ್ಶಕ ಬರುವ ಮೊದಲೇ ಗ್ರಹ ನಕ್ಷತ್ರಗಳ ಸ್ಥಾನವನ್ನು ಬರಿಗಣ್ಣಿನಿಂದ ಅಳೆದು ಗುರುತಿಸಿದವನು. 1601ರ ಅಕ್ಟೋಬರಿನಲ್ಲಿ ಪ್ರಾಗ್ ನಗರದ ಒಂದು ಔತಣಕ್ಕೆ ಹೋದ. ಊಟದ ನಡುವೆ ಎದ್ದು ಹೋಗುವುದು ಮರ್ಯಾದೆಯಲ್ಲ ಎಂದು ಮೂತ್ರ ತಡೆದು ಕೂತ. ಮನೆಗೆ ಬಂದ ಮೇಲೆ ಮೂತ್ರ ಸರಿಯಾಗಿ ಇಳಿಯಲೇ ಇಲ್ಲ. ನೋವು, ಜ್ವರ, ಸನ್ನಿ. ಸುಮಾರು ಹತ್ತು ದಿನಕ್ಕೆ ತೀರಿಕೊಂಡ. ವಯಸ್ಸು 54. ಅವನ ಸಹಾಯಕ ಕೆಪ್ಲರ್ ಇದನ್ನು ಬರೆದಿಟ್ಟ. ಯಾರೋ ಪಾದರಸ ಹಾಕಿ ಕೊಂದರು ಎಂಬ ಗುಸುಗುಸು ಇತ್ತು. 2010ರಲ್ಲಿ ಸಮಾಧಿ ತೆರೆದು ಪರೀಕ್ಷೆ ಮಾಡಿದರು. ಸಾಯುವಷ್ಟು ಪಾದರಸ ಮೈಯಲ್ಲಿ ಇರಲಿಲ್ಲ. ಅಂದು ಅವನ ಹಾಸಿಗೆಯ ಪಕ್ಕದಲ್ಲಿ ಇಲ್ಲದಿದ್ದದ್ದು ಇಂದು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವ ಒಂದು ರಬ್ಬರ್ ನಳಿಕೆ. ಅದರ ತುದಿಯಲ್ಲಿ ಪುಟ್ಟ ಬಲೂನು ಇರುತ್ತದೆ. ಒಳಗೆ ಹೋದ ಮೇಲೆ ಬಲೂನಿಗೆ ನೀರು ತುಂಬಿಸಿದರೆ ನಳಿಕೆ ಜಾರಿ ಹೊರಗೆ ಬರುವುದಿಲ್ಲ. 1930ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಫೋಲಿ ಎಂಬ ವೈದ್ಯ ರೂಪಿಸಿದ್ದು. ಇವತ್ತಿಗೂ ನರ್ಸುಗಳು ಅದನ್ನು 'ಫೋಲಿ' ಎಂದೇ ಕರೆಯುತ್ತಾರೆ.

ಮೂತ್ರ ಕಟ್ಟಿಕೊಂಡಾಗ ಮನೆಯಲ್ಲಿ ಮಾಡಬಾರದ್ದು ಏನು? ಎಳನೀರು, ಬಾರ್ಲಿ ನೀರು, ನೆಗ್ಗಿಲಮುಳ್ಳಿನ ಕಷಾಯ ಕುಡಿಸಬೇಡಿ. ಬಾಗಿಲು ಮುಚ್ಚಿರುವಾಗ ಒಳಗೆ ಇನ್ನಷ್ಟು ತುಂಬಿಸಿದ ಹಾಗಾಗುತ್ತದೆ. ಹೊಟ್ಟೆ ನೀವಬೇಡಿ. ಬೆಳಗಾಗಲಿ ಎಂದು ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ. ಟ್ಯೂಬ್ ಹಾಕುವುದಕ್ಕೆ ಬೆಂಗಳೂರಿಗೇ ಬರಬೇಕಿಲ್ಲ. ಟ್ಯೂಬ್ ಇದ್ದವರು ಅದನ್ನು ತಾವೇ ಎಳೆಯಬಾರದು. ಬಲೂನು ತುಂಬಿರುವಾಗಲೇ ಎಳೆದರೆ ನಾಳ ಹರಿದು ರಕ್ತ ಬರುತ್ತದೆ. ಮೂತ್ರದ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ಮಂಚದ ಮೇಲೆ ಇಡಬೇಡಿ. ಸಾಮಾನ್ಯವಾಗಿ ವೈದ್ಯರು ಮಾತ್ರೆ ಶುರುಮಾಡಿ, ಎರಡು ಮೂರು ದಿನದ ಮೇಲೆ ಟ್ಯೂಬ್ ತೆಗೆದು ನೋಡುತ್ತಾರೆ. ಹಲವರಿಗೆ ತಾನಾಗಿ ಮೂತ್ರ ಬರುತ್ತದೆ. ಬಾರದವರಿಗೆ ಆಪರೇಷನ್ನಿನ ಮಾತು ಬರುತ್ತದೆ.

ಇದಿಷ್ಟು ಕೂಗಿಕೊಂಡು ಬರುವ ಕಟ್ಟು. ನೋವು ಇರುವುದರಿಂದ ಜನ ಆಸ್ಪತ್ರೆಗೆ ಓಡುತ್ತಾರೆ. ಓಡುವುದರಿಂದ ಉಳಿಯುತ್ತಾರೆ. ಈಗ ಎರಡನೆಯದಕ್ಕೆ ಬರುತ್ತೇನೆ. ನೋವಿಲ್ಲದೆ ಕಟ್ಟಿಕೊಳ್ಳುವ ಮೂತ್ರ. ಇವತ್ತಿನ ಮಾತಿನಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳಲು ಸಾಧ್ಯ ಎಂದಾದರೆ ಇದನ್ನು ನೆನಪಿಡಿ.

ಕೆಲವರಲ್ಲಿ ಮೂತ್ರಕೋಶ ಹೋರಾಡಿ ಹೋರಾಡಿ ಸೋಲುತ್ತದೆ. ಹಳೆಯ ಚಡ್ಡಿಯ ಎಲಾಸ್ಟಿಕ್ ಜೋತುಬಿದ್ದ ಹಾಗೆ ಹಿಗ್ಗಿ ಸಡಿಲವಾಗುತ್ತದೆ. ಪ್ರತಿ ಸಲ ಸ್ವಲ್ಪ ಹೊರಗೆ ಹೋಗುತ್ತದೆ, ಹೆಚ್ಚು ಒಳಗೇ ಉಳಿಯುತ್ತದೆ. ಮೊದಲು ನೂರು ಮಿಲಿ. ಆಮೇಲೆ ಮುನ್ನೂರು. ಆಮೇಲೆ ಒಂದು ಲೀಟರ್. ತಿಂಗಳುಗಟ್ಟಲೆ ನಿಧಾನವಾಗಿ ಹಿಗ್ಗುವುದರಿಂದ ನೋವೇ ಆಗುವುದಿಲ್ಲ. ಮೊದಲಿದ್ದ ಅವಸರವೂ ಎಷ್ಟೋ ಸಲ ಕಡಿಮೆಯಾಗುತ್ತದೆ. "ಈಗ ಪರವಾಗಿಲ್ಲ, ಮೊದಲಿನಷ್ಟು ಕಾಟ ಇಲ್ಲ" ಎಂದು ಅವರಿಗೆ ಅನ್ನಿಸುತ್ತದೆ. ಒಳಗೆ ಆಗುತ್ತಿರುವುದು ಅದರ ತಿರುವುಮುರುವು.

ನಾನು ಕಂಡ ಒಬ್ಬ ಹಿರಿಯರ ವಿಷಯ ಹೇಳುತ್ತೇನೆ. ಹಾಸನದ ಕಡೆಯ ರೈತರು. ಎಪ್ಪತ್ತರ ಆಸುಪಾಸು. ಊಟ ಸೇರುವುದಿಲ್ಲ, ವಾಕರಿಕೆ, ಕಾಲು ಊತ, ಸುಸ್ತು. ಗ್ಯಾಸ್ಟ್ರಿಕ್ ಎಂದು ಬಹಳ ದಿನ ಮಾತ್ರೆ ನುಂಗಿದ್ದರು. ನಾನು ಕೇಳಿದೆ: "ಯಜಮಾನ್ರೇ, ಒಂದಕ್ಕೆ ಸರಿಯಾಗಿ ಹೋಗ್ತೀರಾ?" ಅವರು ಹೇಳಿದರು: "ಹೋಗ್ತೀನಿ ಸ್ವಾಮಿ, ದಿನಕ್ಕೆ ಹದಿನೈದು ಸಲ ಹೋಗ್ತೀನಿ. ಅದರಲ್ಲೇನೂ ಕಡಿಮೆ ಇಲ್ಲ." ಹಿಂದೆ ನಿಂತಿದ್ದ ಅವರ ಹೆಂಡತಿ ಸೆರಗು ಬಾಯಿಗೆ ಹಿಡಿದು ಮೆಲ್ಲಗೆ ಅಂದರು: "ರಾತ್ರಿ ಗೊತ್ತಾಗದಂಗೆ ಹಾಸಿಗೇಲೇ ಹೋಗ್ಬಿಡುತ್ತೆ ಡಾಕ್ಟ್ರೇ. ಹೇಳಬೇಡ ಅಂತಾರೆ." ಯಜಮಾನರು ತಲೆ ತಗ್ಗಿಸಿದರು. ಮಲಗಿಸಿ ಹೊಟ್ಟೆ ಮುಟ್ಟಿದೆ. ಹೊಕ್ಕುಳಿನ ತನಕ ದುಂಡಗೆ, ಬಿಗಿಯಾಗಿ ಉಬ್ಬಿತ್ತು. ಒತ್ತಿದರೂ ನೋವಿಲ್ಲ. ಟ್ಯೂಬ್ ಹಾಕಿದಾಗ ಎರಡು ಲೀಟರಿಗೂ ಮೇಲೆ ಬಂತು. ಕಿಡ್ನಿ ಹೇಗೆ ಸೋಸುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಇರಬೇಕಾದ್ದಕ್ಕಿಂತ ಹಲವು ಪಟ್ಟು ಏರಿತ್ತು.

ಏನಾಗಿತ್ತು ಎಂದು ಬಿಡಿಸಿ ಹೇಳುತ್ತೇನೆ. ಕಿಡ್ನಿಗಳು ದಿನಕ್ಕೆ ಸುಮಾರು ಒಂದೂವರೆ ಲೀಟರ್ ಮೂತ್ರ ತಯಾರಿಸಿ ಕೆಳಗೆ ಕಳಿಸುತ್ತವೆ. ಕೆಳಗಿನ ಚೀಲ ಸದಾ ತುಂಬಿದ್ದರೆ ಅದು ಇಳಿಯುವುದು ಎಲ್ಲಿಗೆ? ಒತ್ತಡ ಮೇಲಕ್ಕೆ ಏರುತ್ತದೆ. ಕಿಡ್ನಿಯಿಂದ ಬರುವ ಕೊಳವೆಗಳು ಉಬ್ಬುತ್ತವೆ. ಕಿಡ್ನಿಯೂ ಊದಿಕೊಳ್ಳುತ್ತದೆ. ಅದರ ಸೋಸುವ ಕೆಲಸ ಕುಂಠಿತವಾಗುತ್ತದೆ. ಎರಡೂ ಕಿಡ್ನಿಗಳಿಗೆ ಒಟ್ಟಿಗೇ ಪೆಟ್ಟು ಬೀಳುತ್ತದೆ, ಏಕೆಂದರೆ ಎರಡಕ್ಕೂ ಇರುವುದು ಒಂದೇ ಬಾಗಿಲು. ಊಟ ಬೇಡವಾಗುವುದು, ವಾಂತಿ, ಮೈತುರಿಕೆ, ಉಸಿರು ಸಿಕ್ಕಿಕೊಳ್ಳುವುದು, ಮಂಪರು, ಇವೆಲ್ಲ ಕಿಡ್ನಿ ಸೋಲುತ್ತಿರುವ ಲಕ್ಷಣಗಳು. ಪ್ರಾಸ್ಟೇಟಿನ ಹೆಸರು ಇದರಲ್ಲಿ ಎಲ್ಲಿಯೂ ಇಲ್ಲ. ಅದಕ್ಕೇ ದಾರಿ ತಪ್ಪುತ್ತದೆ.

ಹಾಸಿಗೆ ಏಕೆ ಒದ್ದೆಯಾಯಿತು? ಮೂತ್ರಕೋಶ ಅಂಚಿನವರೆಗೆ ತುಂಬಿದೆ. ನಿದ್ದೆಯಲ್ಲಿ ಬಿಗಿ ಸ್ವಲ್ಪ ಸಡಿಲಿದರೂ ಹೆಚ್ಚಾದದ್ದು ಸೋರುತ್ತದೆ. ದಿನಕ್ಕೆ ಹದಿನೈದು ಸಲ ಹೋದದ್ದೂ ಹಾಗೆಯೇ, ಮೇಲಿನದು ಚೆಲ್ಲಿದ್ದು. ಹೊರಗಿನವರಿಗೆ ಮೂತ್ರ ಹೆಚ್ಚು ಹೋಗುತ್ತಿದೆ ಎಂದು ಕಾಣುತ್ತದೆ. ನಿಜದಲ್ಲಿ ಮೂತ್ರ ಹೋಗುತ್ತಲೇ ಇಲ್ಲ.

ಆದ್ದರಿಂದ ಮನೆಯವರಿಗೆ ಒಂದು ಮಾತು. ಎಪ್ಪತ್ತರ ಮಾವನವರು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡರೆ ವಯಸ್ಸಾಯಿತು, ಮರೆವು ಬಂತು ಎಂದು ಡೈಪರ್ ತಂದು ಸುಮ್ಮನಾಗಬೇಡಿ. ಅವರನ್ನು ಗದರಬೇಡಿ. ಒಂದು ಸ್ಕ್ಯಾನಿಂಗ್, ಒಂದು ಕ್ರಿಯಾಟಿನಿನ್ ಪರೀಕ್ಷೆ. ಇಂಥ ಸರಳ ಪರೀಕ್ಷೆಗಳು ಡಯಾಲಿಸಿಸ್ಸನ್ನು ತಪ್ಪಿಸಿದ ಮನೆಗಳು ಎಷ್ಟೋ ಇವೆ.

ಇಂಥವರಿಗೆ ಟ್ಯೂಬ್ ಹಾಕಿದ ಮೇಲೂ ಎರಡು ಮೂರು ದಿನ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತೇವೆ. ಮೂತ್ರ ಇಳಿದಾಯಿತಲ್ಲ, ಮನೆಗೆ ಕಳಿಸಿ ಎಂದು ಜನ ಅವಸರ ಮಾಡುತ್ತಾರೆ. ಒತ್ತಡ ಇಳಿದ ಕಿಡ್ನಿಗಳು ಕೆಲವರಲ್ಲಿ ಹಿಡಿತ ತಪ್ಪಿ ಮೂತ್ರ ಸುರಿಸತೊಡಗುತ್ತವೆ. ದಿನಕ್ಕೆ ನಾಲ್ಕೈದು ಲೀಟರ್, ಅದಕ್ಕೂ ಹೆಚ್ಚು. ಅದರೊಂದಿಗೆ ಸೋಡಿಯಂ, ಪೊಟ್ಯಾಸಿಯಂ ಹರಿದುಹೋಗುತ್ತವೆ. ಬಿ.ಪಿ. ಕುಸಿಯುತ್ತದೆ. ಗಂಟೆಗಂಟೆಗೆ ಅಳತೆ ಇಟ್ಟು ಬೇಕಾದಷ್ಟು ಡ್ರಿಪ್ ಕೊಡಬೇಕಾಗುತ್ತದೆ. ಟ್ಯೂಬಿನಲ್ಲಿ ತುಸು ಕೆಂಪು ಕಂಡರೂ ಗಾಬರಿ ಬೇಡ. ಹಿಗ್ಗಿದ ಮೂತ್ರಕೋಶ ಕುಗ್ಗುವಾಗ ಸ್ವಲ್ಪ ರಕ್ತ ಒಸರುವುದುಂಟು.

ಎರಡು ಬಗೆಯ ಕಟ್ಟನ್ನು ನೋಡಿದೆವು. ನೋಯುವ ಕಟ್ಟು, ನೋಯದ ಕಟ್ಟು. ಇನ್ನು ನಿಂತ ಮೂತ್ರ ತರುವ ಉಳಿದ ತೊಂದರೆಗಳು.

ಖಾಲಿಯಾಗದ ಮೂತ್ರಕೋಶದಲ್ಲಿ ಕ್ರಿಮಿ ಬೆಳೆಯುತ್ತದೆ. ಉರಿಮೂತ್ರ, ಚಳಿಜ್ವರ ಬರುತ್ತದೆ. ಸೋಂಕು ರಕ್ತಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಮುದುಕರಲ್ಲಿ ಕೆಲವೊಮ್ಮೆ ಜ್ವರವೇ ಕಾಣದು. ಇದ್ದಕ್ಕಿದ್ದಂತೆ ಅಸಂಬದ್ಧ ಮಾತು, ಮನೆಯವರ ಗುರುತು ಸಿಗದಿರುವುದು, ಇಷ್ಟೇ ಲಕ್ಷಣ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಹೆಚ್ಚು. ಅವರ ಮೂತ್ರಕೋಶದ ನರಗಳೂ ಮಂಕಾಗಿರುವುದರಿಂದ ಎರಡೇಟು.

ನಿಂತ ಮೂತ್ರದಲ್ಲಿ ಕಲ್ಲೂ ಕಟ್ಟುತ್ತದೆ. ಕಿಡ್ನಿಯ ಕಲ್ಲು ಎಲ್ಲರಿಗೂ ಗೊತ್ತು. ಇದು ಮೂತ್ರಕೋಶದಲ್ಲೇ ಹುಟ್ಟುವ ಕಲ್ಲು. ಹರಿಯುತ್ತಿದ್ದ ಧಾರೆ ಫಕ್ಕನೆ ನಿಲ್ಲುತ್ತದೆ. ಮೈ ಹೊರಳಿಸಿದರೆ ಮತ್ತೆ ಬರುತ್ತದೆ. ಕಲ್ಲು ಉರುಳಿ ಬಾಯಿಗೆ ಅಡ್ಡ ಕೂತು ಸರಿದದ್ದು. ಇದಕ್ಕೆ ಬಾಳೆದಿಂಡಿನ ರಸ ಸಾಲದು. ಕಲ್ಲು ತೆಗೆದರೂ ಮೂತ್ರ ನಿಲ್ಲುವುದನ್ನು ಸರಿಪಡಿಸದಿದ್ದರೆ ಮತ್ತೆ ಕಟ್ಟುತ್ತದೆ.

ಕಲ್ಲಿನ ವಿಷಯ ಬಂದಾಗ ಪೀಟರ್ ಫ್ರೈಯರ್ ನೆನಪಾಗುತ್ತಾನೆ. ಐರ್ಲೆಂಡಿನವನು. ಬ್ರಿಟಿಷರ ಕಾಲದ ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿ ಉತ್ತರ ಭಾರತದಲ್ಲಿ ಕೆಲಸ ಮಾಡಿದ. ಮೂತ್ರಕೋಶದ ಕಲ್ಲನ್ನು ಹೊಟ್ಟೆ ಕೊಯ್ಯದೆ ಒಳಗೇ ಪುಡಿಮಾಡಿ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ರಾಂಪುರದ ನವಾಬನ ಕಲ್ಲು ತೆಗೆದದ್ದಕ್ಕೆ ಒಂದು ಲಕ್ಷ ರೂಪಾಯಿ ಸಂಭಾವನೆ ಸಿಕ್ಕಿತಂತೆ. ಆ ಕಾಲದ ಒಂದು ಲಕ್ಷ! ಆಮೇಲೆ ಲಂಡನ್ನಿಗೆ ಹೋದ. 1900ರಲ್ಲಿ ಮೂತ್ರಕೋಶದ ಮೂಲಕ ಬೆರಳು ಹಾಕಿ ಬೆಳೆದ ಪ್ರಾಸ್ಟೇಟನ್ನು ಸುಲಿದು ತೆಗೆದ. ಮರುವರ್ಷ ಅದರ ವರದಿ ಪ್ರಕಟವಾಯಿತು. ಅಂಥ ಆಪರೇಷನ್ನನ್ನು ಅದಕ್ಕೂ ಮೊದಲು ಮಾಡಿದವರಿದ್ದರು. ಆದರೆ ಅದು ಮನೆಮಾತಾದದ್ದು ಫ್ರೈಯರನಿಂದ. ಭಾರತದ ರೋಗಿಗಳ ಮೇಲೆ ಪಳಗಿದ ಕೈ ಅದು ಎಂಬುದನ್ನು ನಾವು ಮರೆಯಬಾರದು.

ಮತ್ತೊಂದು ತೊಂದರೆ, ಮೂತ್ರದಲ್ಲಿ ರಕ್ತ. ದೊಡ್ಡದಾದ ಗ್ರಂಥಿಯ ಮೇಲಿನ ರಕ್ತನಾಳ ಒಡೆದು ರಕ್ತ ಬರಬಹುದು. ಆದರೆ ಹಾಗೆಂದು ನೀವೇ ತೀರ್ಮಾನಿಸಬೇಡಿ. ಮೂತ್ರಕೋಶದ ಕ್ಯಾನ್ಸರಿನ ಮೊದಲ ಲಕ್ಷಣವೂ ನೋವಿಲ್ಲದ ರಕ್ತವೇ. ಬೀಡಿ ಸಿಗರೇಟು ಸೇದಿದವರಲ್ಲಿ ಅದು ಹೆಚ್ಚು. ಒಂದೇ ಸಲ ಬಂದು ನಿಂತುಹೋದರೂ ತೋರಿಸಲೇಬೇಕು.

ಮುಕ್ಕಿ ಮುಕ್ಕಿ ಮೂತ್ರ ಮಾಡುವವರಿಗೆ ಹರ್ನಿಯಾ ಬರಬಹುದು, ಇದ್ದದ್ದು ಹೆಚ್ಚಾಗಬಹುದು. ಹರ್ನಿಯಾ ಆಪರೇಷನ್‌ಗೆ ಹೊರಟ ಹಿರಿಯರು ಮೂತ್ರದ ತೊಂದರೆ ಇದ್ದರೆ ಸರ್ಜನ್ನರಿಗೆ ಮೊದಲೇ ಹೇಳಬೇಕು.

ಇನ್ನು ರಾತ್ರಿ ಏಳುವುದು. ಇದನ್ನು ಯಾರೂ ತೊಂದರೆಗಳ ಪಟ್ಟಿಗೆ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ. ಕತ್ತಲಲ್ಲಿ, ಅರೆನಿದ್ದೆಯಲ್ಲಿ, ಹಿತ್ತಲಿಗೆ ಅವಸರದಿಂದ ಹೊರಟು ಬಿದ್ದು ಸೊಂಟ ಮುರಿದುಕೊಂಡವರನ್ನು ಮೂಳೆ ವಾರ್ಡಿನಲ್ಲಿ ಕೇಳಿ ನೋಡಿ. ಮಂಚದ ಬಳಿ ದೀಪದ ಸ್ವಿಚ್ ಇರಲಿ. ಒಂದು ನಿಮಿಷ ಕೂತು ಆಮೇಲೆ ಏಳಿ. ರಾತ್ರಿ ಏಳುವುದಕ್ಕೆಲ್ಲ ಪ್ರಾಸ್ಟೇಟೇ ಕಾರಣವಲ್ಲ ಎಂಬುದೂ ಗೊತ್ತಿರಲಿ. ಹಗಲು ಕಾಲಿನಲ್ಲಿ ಸೇರಿದ ಊತ ಮಲಗಿದಾಗ ಮೂತ್ರವಾಗಿ ಇಳಿಯುತ್ತದೆ. ಹತೋಟಿ ತಪ್ಪಿದ ಶುಗರ್, ಸಂಜೆ ನುಂಗಿದ ನೀರಿನ ಮಾತ್ರೆ ಕೂಡ ಕಾರಣ. ಸಂಜೆಯ ಮೇಲೆ ಕಾಫಿ, ನೀರು ಕಡಿಮೆ ಮಾಡಿ. ಹಗಲಿನ ನೀರನ್ನು ಬಿಡಬೇಡಿ. ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಸೋಂಕು, ಕಲ್ಲು ಎರಡಕ್ಕೂ ಅನುಕೂಲ ಮಾಡಿಕೊಟ್ಟಂತೆ.

ತೊಂದರೆಗಳ ಮಾತು ಮುಗಿಯಿತು. ಮೂತ್ರ ಕಟ್ಟುವುದು, ಕಿಡ್ನಿ ಸೋಲುವುದು, ಸೋಂಕು, ಕಲ್ಲು, ರಕ್ತ, ಬೀಳುವುದು. ಈಗ ಪರೀಕ್ಷೆ ಮತ್ತು ಚಿಕಿತ್ಸೆ.

ವೈದ್ಯರು ಗುದದ್ವಾರದಿಂದ ಬೆರಳಿಟ್ಟು ಗ್ರಂಥಿಯನ್ನು ಮುಟ್ಟಿ ನೋಡುತ್ತಾರೆ. ಅರ್ಧ ನಿಮಿಷದ ಕೆಲಸ. ಇದಕ್ಕೆ ಹೆದರಿ ವರ್ಷಗಟ್ಟಲೆ ಆಸ್ಪತ್ರೆಗೆ ಬಾರದವರಿದ್ದಾರೆ. ಮೂತ್ರ ಪರೀಕ್ಷೆ, ಕ್ರಿಯಾಟಿನಿನ್, ಪಿ.ಎಸ್.ಎ. ಆಗುತ್ತದೆ. ಸ್ಕ್ಯಾನಿಂಗ್ ಎರಡು ಸಲ ಆಗಬೇಕು. ತುಂಬಿದ ಮೂತ್ರಕೋಶದಲ್ಲಿ ಒಂದು, ಒಂದಕ್ಕೆ ಹೋಗಿ ಬಂದ ಮೇಲೆ ಇನ್ನೊಂದು. ಎರಡನೆಯದನ್ನು ಅವಸರದಲ್ಲಿ ಬಿಟ್ಟುಬಿಡುವುದುಂಟು. ನೀವೇ ಕೇಳಿ ಮಾಡಿಸಿಕೊಳ್ಳಿ. ಐವತ್ತು ಮಿಲಿ ಉಳಿದರೆ ಚಿಂತೆಯಿಲ್ಲ. ಮುನ್ನೂರು ಉಳಿದರೆ ಆ ಸಂಗತಿಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಎಲ್ಲರಿಗೂ ಔಷಧ ಬೇಕಿಲ್ಲ. ತೊಂದರೆ ಅಲ್ಪವಾಗಿದ್ದು ಉಳಿಕೆ ಕಡಿಮೆ ಇದ್ದರೆ ವರ್ಷಕ್ಕೊಮ್ಮೆ ನೋಡಿಸಿಕೊಂಡರೆ ಸಾಕು. ಔಷಧಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಟ್ಯಾಮ್ಸುಲೋಸಿನ್ ಮೊದಲಾದವು ಮೂತ್ರಕೋಶದ ಬಾಯನ್ನು ಸಡಿಲಿಸುತ್ತವೆ. ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ. ಎದ್ದು ನಿಂತಾಗ ತಲೆ ಸುತ್ತಬಹುದು. ಈ ಮಾತ್ರೆ ನುಂಗುವವರು, ಹಿಂದೆ ನುಂಗಿದ್ದವರು, ಕಣ್ಣಿನ ಪೊರೆಯ ಆಪರೇಷನ್‌ಗೆ ಮೊದಲು ಕಣ್ಣಿನ ವೈದ್ಯರಿಗೆ ಹೇಳಲೇಬೇಕು. ಪಾಪೆಯ ಸುತ್ತಲಿನ ಪರದೆಯೂ ಸಡಿಲವಾಗಿ ಆಪರೇಷನ್ ತೊಡಕಾಗುತ್ತದೆ.

ಇನ್ನೊಂದು ಜಾತಿ ಗ್ರಂಥಿಯನ್ನೇ ಕುಗ್ಗಿಸುವುದು. ಅದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದ ಒಂದು ಹಳ್ಳಿ, ಸಲಿನಾಸ್. ಅಲ್ಲಿ ಕೆಲವು ಮಕ್ಕಳನ್ನು ಹುಟ್ಟಿದಾಗ ಹೆಣ್ಣೆಂದು ತಿಳಿದು ಬೆಳೆಸಿದರು. ಹರೆಯದಲ್ಲಿ ಅವರು ಗಂಡಾದರು. ಅವರ ದೇಹದಲ್ಲಿ ಪುರುಷ ಹಾರ್ಮೋನನ್ನು ಹೆಚ್ಚು ಪ್ರಬಲವಾದ ರೂಪಕ್ಕೆ ತಿರುಗಿಸುವ ಕಿಣ್ವ ಇರಲಿಲ್ಲ. ಈ ಸಂಗತಿ 1974ರಲ್ಲಿ ಪ್ರಕಟವಾಯಿತು. ದೊಡ್ಡವರಾದ ಮೇಲೂ ಅವರ ಪ್ರಾಸ್ಟೇಟ್ ಪುಟ್ಟದಾಗಿಯೇ ಇತ್ತು. ಹಾಗಾದರೆ ಆ ಕಿಣ್ವವನ್ನು ತಡೆದರೆ? ಫಿನಾಸ್ಟರೈಡ್ ಎಂಬ ಮಾತ್ರೆ ಹುಟ್ಟಿತು. 1992ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ದೊಡ್ಡ ಗ್ರಂಥಿ ಇದ್ದವರಿಗೆ ಇದು ಮೂತ್ರ ಕಟ್ಟುವ ಸಂಭವವನ್ನು ಕಡಿಮೆ ಮಾಡುತ್ತದೆ. ಗುಣ ಕಾಣಲು ಆರು ತಿಂಗಳಾದರೂ ಬೇಕು, ತಾಳ್ಮೆ ಇರಲಿ. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗಬಹುದು, ಹಾಗಾದರೆ ನಾಚಿಕೆಪಡದೆ ಹೇಳಿ. ಈ ಮಾತ್ರೆ ಪಿ.ಎಸ್.ಎ. ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಮಾತ್ರೆ ನುಂಗುತ್ತಿರುವುದನ್ನು ಹೇಳದಿದ್ದರೆ ವೈದ್ಯರು 3 ಎಂದು ಓದಿದ್ದು ನಿಜದಲ್ಲಿ 6 ಆಗಿರಬಹುದು.

ಮೂತ್ರ ಮತ್ತೆ ಮತ್ತೆ ಕಟ್ಟಿದರೆ, ಕಲ್ಲಾದರೆ, ಸೋಂಕು ಮರುಕಳಿಸಿದರೆ, ಕಿಡ್ನಿಗೆ ಪೆಟ್ಟಾದರೆ ಮಾತ್ರೆಯ ಕಾಲ ಮುಗಿಯಿತು ಎಂದೇ ಅರ್ಥ. ಆಗ ಆಪರೇಷನ್ ಬೇಕು. ಇಂದು ಹೊಟ್ಟೆ ಕೊಯ್ಯುವುದು ಅಪರೂಪ. ಮೂತ್ರದ ದಾರಿಯಲ್ಲೇ ದುರ್ಬೀನು ಹಾಕಿ ಗ್ರಂಥಿಯನ್ನು ಕೆತ್ತಿ ತೆಗೆಯುತ್ತಾರೆ, ಇಲ್ಲವೇ ಲೇಸರ್‌ನಿಂದ ಬಿಡಿಸುತ್ತಾರೆ. ಗಂಡಸುತನ ಹೋಗುತ್ತದೆಯೇ ಎಂದು ಬಾಗಿಲ ಬಳಿ ನಿಂತು ಪಿಸುಗುಟ್ಟಿ ಕೇಳುತ್ತಾರೆ. ಸಾಮಾನ್ಯವಾಗಿ ಇಲ್ಲ. ಆದರೆ ವೀರ್ಯ ಹೊರಗೆ ಬಾರದೆ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುವುದು ಹೆಚ್ಚು ಮಂದಿಗೆ ಆಗುತ್ತದೆ. ಅದರಿಂದ ಆರೋಗ್ಯಕ್ಕೆ ಕೆಡುಕಿಲ್ಲ. ಆಪರೇಷನ್‌ಗೆ ಮೊದಲೇ ತಿಳಿದಿರಬೇಕು, ಅಷ್ಟೆ.

ಕೊನೆಯದಾಗಿ ತಡವಾಗಿ ಬಂದವರ ಮಾತು. ಒತ್ತಡ ಇಳಿದ ಮೇಲೆ ಕಿಡ್ನಿ ಮೊದಲ ಕೆಲವು ವಾರಗಳಲ್ಲಿ ಸಾಕಷ್ಟು ಚೇತರಿಸಿಕೊಳ್ಳುವುದುಂಟು, ಪೂರ್ತಿ ಆಗದಿದ್ದರೂ. ಕೆಲವರಲ್ಲಿ ಮೂತ್ರಕೋಶ ಮಾತ್ರ ಮತ್ತೆ ತಳ್ಳುವುದನ್ನು ಕಲಿಯುವುದಿಲ್ಲ. ದಾರಿ ಬಿಡಿಸಿದರೂ ಮೂತ್ರ ಇಳಿಯದು. ಜೀವನಪೂರ್ತಿ ಟ್ಯೂಬ್ ಮತ್ತು ಚೀಲ ಎಂದು ಅವರು ಕುಸಿದು ಕೂರಬೇಕಿಲ್ಲ. ದಿನಕ್ಕೆ ನಾಲ್ಕೈದು ಸಲ ತಾವೇ ತೆಳುವಾದ ನಳಿಕೆ ಹಾಕಿ, ಮೂತ್ರ ಖಾಲಿ ಮಾಡಿ, ನಳಿಕೆ ತೆಗೆದುಬಿಡುವ ವಿಧಾನ ಇದೆ. ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ 1972ರಲ್ಲಿ ಇದನ್ನು ಹೇಳಿದ. ಆಪರೇಷನ್ ಕೋಣೆಯ ಕ್ರಿಮಿಶುದ್ಧಿ ಬೇಡ, ಸೋಪಿನಿಂದ ತೊಳೆದ ಕೈ ಸಾಕು ಎಂದ. ನಳಿಕೆಯೊಂದಿಗೆ ಹೋಗುವ ನಾಲ್ಕು ಕ್ರಿಮಿಗಿಂತ ಹಿಗ್ಗಿ ನಿಂತ ಮೂತ್ರಕೋಶವೇ ಸೋಂಕಿಗೆ ದೊಡ್ಡ ಕಾರಣ ಎಂಬುದು ಅವನ ವಾದ. ಅದು ಗೆದ್ದಿತು. ನಮ್ಮ ಹಿರಿಯರು ಮೊದಲು "ನನ್ನ ಕೈಲಾಗಲ್ಲ" ಎನ್ನುತ್ತಾರೆ. ಕೆಲವು ದಿನಗಳಲ್ಲಿ ಕಲಿತುಬಿಡುತ್ತಾರೆ. ಗದ್ದೆಗೂ ಹೋಗುತ್ತಾರೆ, ಧರ್ಮಸ್ಥಳಕ್ಕೂ ಹೋಗಿ ಬರುತ್ತಾರೆ.

ಇದನ್ನು ಕಲಿಸುವವರು ದೊಡ್ಡ ಆಸ್ಪತ್ರೆಗಳ ಯೂರಾಲಜಿ ವಿಭಾಗದಲ್ಲಿ ಸಿಗುತ್ತಾರೆ. ಬೆಂಗಳೂರಿನ ಸುತ್ತಮುತ್ತಲಿನವರಿಗೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ನೆಫ್ರೊ ಯೂರಾಲಜಿ ಸಂಸ್ಥೆ ಇದೆ. ಹೋಗುವಾಗ ಹಳೆಯ ಸ್ಕ್ಯಾನಿಂಗ್ ವರದಿ, ಕ್ರಿಯಾಟಿನಿನ್ ವರದಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಮೂರನ್ನೂ ಒಯ್ಯಿರಿ. ನೆಗಡಿ ಮಾತ್ರೆಯನ್ನೂ ಬಿಡಬೇಡಿ. ಸಾಧ್ಯವಾದರೆ ಮನೆಯವರನ್ನೂ ಕರೆದೊಯ್ಯಿರಿ. ನೀವು ಹೇಳದೆ ಬಿಟ್ಟದ್ದನ್ನು ಅವರು ಹೇಳುತ್ತಾರೆ.